ಒಂದು ಪ್ಯಾರಾದಲ್ಲಿ ಮುಗಿಯದ ಬಾಲ್ಯ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆಯ ನಮ್ಮ ಊರಿನ ಗ್ರಂಥಾಲಯದ ಕಥಾಸ್ಪರ್ಧೆಗೆ ಬಂದ ಹಸ್ತಪ್ರತಿಗಳನ್ನು ಎರಡು ವಾರಗಳಿಂದ ಓದುತ್ತಿದ್ದೇನೆ. ಹಲವು ಕತೆಗಳಲ್ಲಿ ಕ್ರೂರಿಯೊಬ್ಬನಿದ್ದಾನೆ. ಎಳವೆಯಲ್ಲಿ ಅವನಪ್ಪ ಬೆಲ್ಟಿನಿಂದ ಹೊಡೆಯುತ್ತಿದ್ದನೆಂಬುದು ಕೊನೆಯ ಪ್ಯಾರಾದಲ್ಲಿ ತಿಳಿಯುತ್ತದೆ, ಅಲ್ಲಿಗೆ ಎಲ್ಲದಕ್ಕೂ ಕಾರಣ ಸಿಕ್ಕಂತಾಗುತ್ತದೆ. ಬಾಲ್ಯದ ನೋವನ್ನು ಹೀಗೆ ಒಗಟಿನ ಉತ್ತರದಂತೆ ಬಳಸುವುದನ್ನು ನಾನು ಒಪ್ಪಲಾರೆ. ಪೆಟ್ಟು ತಿಂದು ಬೆಳೆದ ಎಷ್ಟೋ ಮಂದಿ ಯಾರ ಮೇಲೂ ಕೈಯೆತ್ತದೆ, ಒಳಗೊಳಗೇ ಬೆಚ್ಚುತ್ತ ಬದುಕಿದ್ದಾರೆ.

ನಮ್ಮ ಅಂಗಳದಲ್ಲಿ ಒಣಗಲು ಹರವಿದ ಅಡಿಕೆಯನ್ನು ಅಪ್ಪ ಕಾಲಿನಿಂದ ಮಗುಚುತ್ತಿದ್ದರು. ಆ ಸದ್ದು ನಿಧಾನವಾಗಿದ್ದರೆ ನಾನೂ ಅಣ್ಣನೂ ಜಗಲಿಯಲ್ಲೇ ಕುಳಿತು ಬರೆಯುತ್ತಿದ್ದೆವು; ಅಡಿಕೆ ಸಿಡಿದು ಮೆಟ್ಟಿಲಿಗೆ ಬಡಿಯಿತೆಂದರೆ ಪುಸ್ತಕ ಎತ್ತಿಕೊಂಡು ಹಿತ್ತಿಲ ಬಾಗಿಲಿಗೆ ಹೋಗುತ್ತಿದ್ದೆವು. ಅಮ್ಮ ಏನೂ ಹೇಳದೆ ಚಿಮಿಣಿ ದೀಪವನ್ನು ಅಲ್ಲಿಗೇ ತಂದಿಡುತ್ತಿದ್ದರು. ನನಗೆ ಜ್ವರ ಬಂದಾಗ ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದವರೂ ಅದೇ ಅಪ್ಪ. ಈ ಎರಡನ್ನೂ ಒಟ್ಟಿಗೆ ಹಿಡಿಯದ ಕತೆಯನ್ನು ನಾನು ನಂಬುವುದಿಲ್ಲ.

ಅಮೆರಿಕದ ವೈದ್ಯರಾದ ವಿನ್ಸೆಂಟ್ ಫೆಲಿಟ್ಟಿ, ರಾಬರ್ಟ್ ಆಂಡಾ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಅಧ್ಯಯನವು ಮಗು ತಿಂದ ಪೆಟ್ಟನ್ನಷ್ಟೇ ಅಲ್ಲದೆ, ತಾಯಿಗೆ ಬೀಳುವ ಪೆಟ್ಟನ್ನು ಮಗು ನೋಡುವುದನ್ನೂ ಲೆಕ್ಕಕ್ಕೆ ಹಿಡಿದು, ಇಂಥ ಅನುಭವಗಳು ಹೆಚ್ಚಿದಷ್ಟೂ ಮುಂದೆ ಖಿನ್ನತೆ, ಹೃದ್ರೋಗಗಳ ಸಂಭವ ಹೆಚ್ಚುವುದನ್ನು ತೋರಿಸಿತು. ನಮ್ಮ ಸಾಹಿತಿಗಳಿಗೂ ಇದು ಗೊತ್ತಿತ್ತು. ಕಾಸರಗೋಡಿನಲ್ಲೇ ಹುಟ್ಟಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ ನಾದಿರಾಳ ಬಾಳು ಹಾಳಾಗಲು ತಂದೆಯ ಹಟ ಕಾರಣವೆಂಬುದು ಎಲ್ಲರಿಗೂ ಕಾಣುತ್ತದೆ. ನನ್ನ ಮನಸ್ಸು ನಿಲ್ಲುವುದು ತಾಯಿ ಫಾತಿಮ್ಮಳ ಬಳಿ. ಎಳೆಯ ವಯಸ್ಸಿಗೇ ಮದುವೆಯಾಗಿ, ಗಂಡನ ಸಿಟ್ಟಿಗೆ ಹೆದರಿಯೇ ದಿನ ಕಳೆದ ಆಕೆ ಮಗಳ ಪರವಾಗಿ ನಿಲ್ಲಲಾರದೆ ಹೋಗುತ್ತಾಳೆ. ಭೈರಪ್ಪನವರ ‘ಗೃಹಭಂಗ’ (1970) ಅಕ್ಕ, ಅಣ್ಣ, ತಾಯಿಯರನ್ನು ಕಳೆದುಕೊಂಡ ವಿಶ್ವ ಊರು ಬಿಟ್ಟು ಹೊರಡುವಲ್ಲಿಗೆ ನಿಲ್ಲುತ್ತದೆ. ಮುಂದೆ ಅವನೇನಾದ ಎಂಬ ಚಿಂತೆ ನಮ್ಮ ಪಾಲಿಗೆ ಉಳಿಯುತ್ತದೆ.

ಸ್ಪರ್ಧೆಗೆ ಬಂದ ಒಂದು ಕತೆಯಲ್ಲಿ ಹುಡುಗಿಯೊಬ್ಬಳು ಅಪ್ಪನ ಬೈಕಿನ ಸದ್ದು ಕೇಳಿದೊಡನೆ ಟಿವಿ ಆರಿಸಿ, ಅದರ ಹಿಂಬದಿ ಇನ್ನೂ ಬಿಸಿಯಿದೆಯೇ ಎಂದು ಮುಟ್ಟಿ ನೋಡುತ್ತಾಳೆ. ಭಾಷೆ ಒರಟಾಗಿದೆ, ಕತೆ ಅರ್ಧಕ್ಕೇ ನಿಂತಂತಿದೆ. ನಾನು ಮೊದಲ ಬಹುಮಾನಕ್ಕೆ ಸೂಚಿಸಿರುವುದು ಅದನ್ನೇ.