ಗೇಣು ಬಟ್ಟೆಯ ತರಬೇತಿ

ಕಣ್ಣು ಕಾಣದವರಿಗೆ ನೆರವಾಗುವ ಒಂದು ಗೈಡ್ ನಾಯಿ ತಯಾರಾಗಲು ಹೆಚ್ಚೂಕಡಿಮೆ ಎರಡು ವರ್ಷ ಬೇಕು. ಎರಡು ತಿಂಗಳ ಮರಿಯನ್ನು ಯಾವುದೋ ಮನೆಯವರು ಸಾಕಲು ಒಯ್ಯುತ್ತಾರೆ. ಬಸ್ಸು, ಲಿಫ್ಟು, ಜನಜಂಗುಳಿ ಎಲ್ಲ ರೂಢಿ ಮಾಡಿಸಿ, ಒಂದು ವರ್ಷ ಕಳೆದ ಮೇಲೆ ಕಣ್ಣು ಒರೆಸಿಕೊಳ್ಳುತ್ತಾ ತರಬೇತಿ ಶಾಲೆಗೆ ಬಿಟ್ಟು ಬರುತ್ತಾರೆ. ಅಲ್ಲಿ ಮತ್ತೆ ತಿಂಗಳುಗಟ್ಟಲೆ ಪಾಠ. ಮೆಟ್ಟಿಲು ಬಂದರೆ ನಿಲ್ಲಬೇಕು. ತಲೆಗೆ ತಾಗುವ ಕೊಂಬೆ ತನಗೆ ಅಡ್ಡಿಯಲ್ಲದಿದ್ದರೂ ಒಡೆಯನಿಗಾಗಿ ಸುತ್ತಿ ಹೋಗಬೇಕು. ‘ಮುಂದೆ ನಡಿ’ ಅಂದಾಗ ಎದುರಿಗೆ ಕಾರು ಬರುತ್ತಿದ್ದರೆ ಮಾತು ಮೀರಿ ನಿಲ್ಲಬೇಕು! ಹೇಳಿದ್ದು ಕೇಳದಿರುವುದಕ್ಕೂ ಮಾರ್ಕ್ಸ್ ಕೊಡುವ ಶಾಲೆ ಬಹುಶಃ ಇದೊಂದೇ. ಫೇಲಾಗುವ ನಾಯಿಗಳೂ ಬೇಕಾದಷ್ಟು.

ಪಾಪ, ಇವರೆಲ್ಲ ಸುಮ್ನೆ ಒದ್ದಾಡುತ್ತಿದ್ದಾರೆ. ‘ಸರ್ವಿಸ್ ಡಾಗ್’ (ಅಂಗವಿಕಲರ ನೆರವಿಗೆ ತರಬೇತಾದ ನಾಯಿ) ಅಂತ ಬರೆದ ಜಾಕೆಟ್ಟು ಆನ್‌ಲೈನಿನಲ್ಲೇ ಸಿಗುತ್ತದಲ್ವಾ? ನಿಮ್ಮ ನಾಯಿಯ ಎದೆಯ ಸುತ್ತಳತೆ ಗೊತ್ತಿದ್ದರೆ ಸಾಕು. ಗೇಣು ಬಟ್ಟೆ, ಎರಡು ಬಕಲ್. ತರಬೇತಿ ಮುಗಿಯಿತು. ಇನ್ನೊಂದಿಷ್ಟು ದುಡ್ಡು ಬಿಚ್ಚಿದರೆ ಸರ್ಟಿಫಿಕೇಟೂ ಬರುತ್ತದೆ, ಫೋಟೊ ಅಂಟಿಸಿದ ಗುರುತಿನ ಚೀಟಿಯೂ ಬರುತ್ತದೆ.

ತಮಾಷೆ ಇರುವುದು ಈ ಸರ್ಟಿಫಿಕೇಟಿನಲ್ಲೇ. ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ಪ್ರಕಾರ ಅಂಗಡಿ, ಹೋಟೆಲಿನವರು ಕೇಳಬಹುದಾದದ್ದು ಎರಡೇ ಪ್ರಶ್ನೆ. ನಿಮ್ಮ ಅಂಗವೈಕಲ್ಯಕ್ಕಾಗಿ ಈ ನಾಯಿ ಬೇಕಾ? ಇದು ಯಾವ ಕೆಲಸ ಕಲಿತಿದೆ? ಅಷ್ಟೇ. ಕಾಗದ ಕೇಳುವ ಹಾಗಿಲ್ಲ. ಜಾಕೆಟ್ಟೂ ಕಡ್ಡಾಯವಲ್ಲ. ಅಂಗವಿಕಲರು ಹೋದ ಬಾಗಿಲಲ್ಲೆಲ್ಲ ಫೈಲು ಬಿಚ್ಚುತ್ತಾ ನಿಲ್ಲಬಾರದು ಎಂಬುದೇ ಉದ್ದೇಶ. ಕಾಗದವೇ ಬೇಡ ಅಂದ ಕೂಡಲೇ ಕಾಗದದ ಅಂಗಡಿ ತೆರೆಯಿತು. ನಿಜವಾದವರು ಹೇಗೂ ಬೇಡವಲ್ಲ ಅಂತ ಕೊಳ್ಳಲಿಲ್ಲ. ಸುಳ್ಳು ಹೇಳುವವರು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡರು.

ವಿಮಾನದ ಕತೆಯಂತೂ ಇನ್ನೂ ರಂಗಾಗಿದೆ. 2018ರಲ್ಲಿ ಅಮೆರಿಕದ ನೆವಾರ್ಕ್ ವಿಮಾನ ನಿಲ್ದಾಣಕ್ಕೆ ಒಬ್ಬರು ನವಿಲನ್ನೇ ತಂದರು. ಮನಸ್ಸಿಗೆ ನೆಮ್ಮದಿ ಕೊಡುವ ಪಕ್ಷಿಯಂತೆ. ಹತ್ತಿಸಿಕೊಳ್ಳಲಿಲ್ಲ, ಬಿಡಿ. ನೆಮ್ಮದಿಯ ಹೆಸರಲ್ಲಿ ಬರುವ ಪ್ರಾಣಿಗಳು ಜಾಸ್ತಿಯಾಗಿ, 2020ರ ಕೊನೆಗೆ ಅಲ್ಲಿನ ಸಾರಿಗೆ ಇಲಾಖೆ ನಿಯಮ ಬಿಗಿ ಮಾಡಿತು. ತರಬೇತಾದ ನಾಯಿಗೆ ಮಾತ್ರ ಒಡೆಯನ ಜೊತೆ ವಿಮಾನದೊಳಗೆ ಕೂರುವ ಹಕ್ಕು ಅಂದಿತು. ಸರಿಯೇ. ಜೊತೆಗೆ ಆ ನಾಯಿ ಇರುವವರ ಹತ್ತಿರ ವಿಮಾನ ಕಂಪನಿ ಫಾರಂ ತುಂಬಿಸಿಕೊಳ್ಳಬಹುದು ಅಂತಲೂ ಆಯಿತು. ನವಿಲು ಕುಣಿಯಿತು ಅಂತ ಕೆಂಬೂತ ಕುಣಿಯಿತು ಅನ್ನುವುದು ಹಳೇ ಗಾದೆ. ಇಲ್ಲಿ ನವಿಲು ಕುಣಿಯಿತು, ದಂಡ ಕಟ್ಟಿದ್ದು ಲ್ಯಾಬ್ರಡಾರು.

ಇನ್ನು ಹೋಟೆಲಿನ ಬಾಗಿಲಿಗೆ ಬನ್ನಿ. ಯಾವ ಊರಿನ ಹೋಟೆಲಾದರೂ ನಡೆಯುತ್ತದೆ. ಕಪ್ಪು ಕನ್ನಡಕದವರೊಬ್ಬರು ನಾಯಿಯ ಬೆನ್ನ ಮೇಲಿನ ಹಿಡಿ ಹಿಡಿದು ನಿಂತಿದ್ದಾರೆ.

“ಸಾರ್, ನಾಯಿಗೆ ಒಳಗೆ ಬಿಡಲ್ಲ.”

“ಇದು ಗೈಡ್ ನಾಯಿ ಕಣಪ್ಪ.”

“ಅಲ್ಲಿ ಬೋರ್ಡು ಹಾಕಿದ್ದೀವಲ್ಲ, ನೋಡಿ ಸಾರ್.”

ಅವರು ಬೋರ್ಡಿದ್ದ ಕಡೆ ನೋಡಲಿಲ್ಲ. ಹುಡುಗ ಬೆರಳು ಇನ್ನಷ್ಟು ಚಾಚಿ ತೋರಿಸಿದ. ಕೊನೆಗೆ ಮ್ಯಾನೇಜರ‍್‌ನ ಕೇಳಿ ಬರ್ತೀನಿ ಅಂದ. ಮ್ಯಾನೇಜರು ಮಾಲೀಕರಿಗೆ ಫೋನು ಹಚ್ಚಿದರು. ನಾಯಿಗೆ ಹೇಳಿದರೆ ನಾಯಿ ಬಾಲಕ್ಕೆ ಹೇಳಿತಂತಲ್ಲ, ಆ ತರಹ. ಅಷ್ಟರಲ್ಲಿ ಪಕ್ಕದಿಂದ ಜಾಕೆಟ್ಟು ತೊಟ್ಟ ಪುಟಾಣಿ ನಾಯಿಯೊಂದು, ಒಡತಿಯ ಕಂಕುಳಲ್ಲಿ ಕೂತು ಎಲ್ಲರಿಗೂ ಬೊಗಳುತ್ತಾ ಬಂತು. ಕಾರ್ಡು ತೋರಿಸಿದರು. ಹುಡುಗ ಬಾಗಿಲು ಹಿಡಿದು, “ಬನ್ನಿ ಮೇಡಂ” ಅಂದ.

ಹೊರಗಿನ ನಾಯಿ ಒಡೆಯನ ಕಾಲ ಬಳಿ ಮಲಗಿತು. ಪುಟಾಣಿಯ ಕಡೆ ತಲೆ ಕೂಡ ಎತ್ತಲಿಲ್ಲ. ಎರಡು ವರ್ಷ ಕಲಿತದ್ದೇ ಅದನ್ನು.

ಐದು ನಿಮಿಷದ ಮೇಲೆ ಒಳಗಿಂದ ಕಿರುಚಾಟ. ಪುಟಾಣಿ ಯಾರದೋ ತಟ್ಟೆಗೆ ಬಾಯಿ ಹಾಕಿ, ಕಂಬದ ಬುಡದಲ್ಲಿ ಕಾಲೆತ್ತಿತ್ತು. ಮ್ಯಾನೇಜರು ಕ್ಯಾಶ್ ಕೌಂಟರಿನಿಂದಲೇ ಕೂಗಿದರು: “ಲೇ, ಆ ನಾಯೀನ ಮೊದಲು ಹೊರಗೆ ಹಾಕೋ!”

ಹುಡುಗ ಓಡಿಬಂದ. ಕಂಕುಳಿನ ನಾಯಿಯ ಹತ್ತಿರ ಕಾರ್ಡಿತ್ತು. ಹಾಗಾಗಿ ಅದನ್ನು ದಾಟಿ ಬಾಗಿಲಿಗೆ ಬಂದು, ಆಗಲೇ ಹೊರಗಿದ್ದವರಿಗೆ ಹೇಳಿದ: “ಸಾರ್, ಇನ್ನೂ ಸ್ವಲ್ಪ ಆಚೆ ಹೋಗಿ.”