ಇವಿ ಬ್ಯಾಟರಿ ಮೂರೇ ವರ್ಷಕ್ಕೆ ಹೋಗಲ್ಲ

ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಮೂರು ವರ್ಷಕ್ಕೆ ಸತ್ತೋಗುತ್ತೆ, ಆಮೇಲೆ ಕಾರು ಗುಜರಿಗೇ ಅಂತ ವಾಟ್ಸಾಪಲ್ಲಿ ಓಡಾಡ್ತಿದೆಯಲ್ಲ, ಅದು ತಪ್ಪು ಕಣ್ರೀ. ಇಲ್ಲಿ ಮಾರೋ ಹೆಚ್ಚಿನ ಇವಿಗಳಿಗೆ ಕಂಪನಿಯವರೇ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ಬ್ಯಾಟರಿ ವಾರಂಟಿ ಕೊಡ್ತಾರೆ, ಬ್ಯಾಟರಿ ಒಂದೇ ಸಲ ಕೈಕೊಡೋದು ಅಪರೂಪ, ಕೆಪಾಸಿಟಿ ನಿಧಾನಕ್ಕೆ ಇಳಿಯುತ್ತೆ. ನಮ್ಮನೇಲಿ ರಾತ್ರಿ ಊಟ ಆದ್ಮೇಲೆ 15 ಆಂಪ್ ಪ್ಲಗ್ಗಿಗೆ ಹಾಕಿದ್ರೆ ಬೆಳಿಗ್ಗೆ ಹಾಲಿನವನು ಬರೋ ಹೊತ್ತಿಗೆ ಆಫೀಸಿಗೆ ಹೋಗಿ ಬರೋಕೆ ಬೇಕಾದಷ್ಟು ಚಾರ್ಜ್ ಇರತ್ತೆ. ಚಳಿಗೆ ಬ್ಯಾಟರಿ ಸ್ವಲ್ಪ ಸೋಲುತ್ತೆ, ಆದ್ರೂ ನಾರ್ವೆಯಂಥಾ ಚಳಿ ದೇಶದಲ್ಲೇ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಶೇ. 89 ಎಲೆಕ್ಟ್ರಿಕ್. ಆದ್ರೆ ರಸ್ತೆ ಬದೀಲಿ ಕಾರು ನಿಲ್ಲಿಸೋರಿಗೆ, ಪಾರ್ಕಿಂಗಲ್ಲಿ ಪ್ಲಗ್ ಹಾಕಿಸೋಕೆ ಅಸೋಸಿಯೇಷನ್ ಒಪ್ಪದಿರೋ ಅಪಾರ್ಟ್‌ಮೆಂಟಿನವರಿಗೆ ಇವತ್ತಿಗೂ ನಿಜವಾಗ್ಲೂ ಕಷ್ಟಾನೇ.