ಲಕ್ಕುಂಡಿ ನೋಡಿದರೆ ಬಿಪಿ ಇಳಿಯುತ್ತದೆ (ಪಿ < 0.05)

ವೈದ್ಯಕೀಯ, ವಾಸ್ತುಪರಂಪರೆ, ಸೌಂದರ್ಯಮೀಮಾಂಸೆ, ಮಾರಾಟದ ನೈತಿಕತೆ. ಈ ನಾಲ್ಕನ್ನೂ ಒಂದೇ ಸಂಚಿಕೆಯಲ್ಲಿ ಅಚ್ಚು ಹಾಕುವ ‘ಅಂತಾರಾಷ್ಟ್ರೀಯ ಬಹುಶಿಸ್ತೀಯ’ ಪತ್ರಿಕೆಗಳ ಆಹ್ವಾನಕ್ಕೆ ನಮ್ಮ ಕಡೆ ಎಂದೂ ಬರ ಬಿದ್ದಿಲ್ಲ. ನಾಲ್ಕನ್ನೂ ಒಂದೇ ಪ್ರಬಂಧದಲ್ಲಿ ತುರುಕುವ ಧೈರ್ಯ ಮಾತ್ರ ಯಾಕೋ ಇನ್ನೂ ಹರಡಿಲ್ಲ. ಬಡ್ತಿಯ ಫೈಲು ಮುಂದಿಟ್ಟುಕೊಂಡು ಕೂತ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿಯ ಅಧ್ಯಾಪಕ ಬಂಧುಗಳ ಅನುಕೂಲಕ್ಕೆ ಅದರ ವಿಧಾನ ಇಲ್ಲಿದೆ.

ಮೊದಲು ವೈದ್ಯಕೀಯ. ಬಿಎ ಮಕ್ಕಳನ್ನು ಗದಗದಲ್ಲಿ ಬಸ್ಸಿಗೆ ತುಂಬಿ ಲಕ್ಕುಂಡಿಯಲ್ಲಿ ಇಳಿಸಿ. ಪುಸ್ತಕ ಏನು ಹೇಳುತ್ತದೆ? ರಕ್ತದೊತ್ತಡ ನೋಡುವ ಮುನ್ನ ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕೂಡ್ರಿಸಬೇಕು, ಅರ್ಧ ತಾಸಿನಿಂದ ಚಹಾ ಕುಡಿದಿರಬಾರದು, ತೋಳು ಹೃದಯದ ಮಟ್ಟದಲ್ಲಿರಬೇಕು, ಕಫ್ ತೋಳಿನ ಗಾತ್ರಕ್ಕೆ ಸರಿಯಾಗಿರಬೇಕು, ಒಂದೆರಡು ನಿಮಿಷ ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಹಿಂಗ ಮಾಡಿದ್ರ ಪ್ರಬಂಧ ಕೆಟ್ಟಂಗ. ಬಸ್ಸಿನಿಂದ ಇಳಿದವರ ಏದುಸಿರು ಆರುವ ಮೊದಲೇ ಒಮ್ಮೆ ಅಳೆಯಿರಿ. ಕಾಶಿ ವಿಶ್ವನಾಥ ಗುಡಿಯ ನೆರಳಲ್ಲಿ ಅರ್ಧ ತಾಸು ಕೂಡ್ರಿಸಿ ಇನ್ನೊಮ್ಮೆ ಅಳೆಯಿರಿ. ಒತ್ತಡ ಇಳಿದೇ ಇಳಿಯುತ್ತದೆ, ಶ್ರೇಯಸ್ಸು ಶಿಲ್ಪಿಗೆ. ಮೊದಲ ಸಲ ಹೆಚ್ಚು ಬಂದವರನ್ನಷ್ಟೇ ಆರಿಸಿಕೊಂಡರೆ ಇನ್ನೂ ಸೊಗಸು, ಯಾಕೆಂದರೆ ಅತಿಯಾಗಿ ಬಂದ ಅಳತೆ ಎರಡನೇ ಸಲ ತಾನಾಗಿಯೇ ಸರಾಸರಿಯ ಕಡೆ ಜಾರುತ್ತದೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದರೂ ಇಳಿಯುತ್ತಿತ್ತಲ್ಲ ಎಂದು ತೋರಿಸಲು ಹೋಲಿಕೆಯ ಗುಂಪು ಬೇಕು. ಅದನ್ನು ಇಟ್ಟುಕೊಳ್ಳಲೇಬೇಡಿ.

ಇಷ್ಟಾದರೂ ಪಿ ಬೆಲೆ (ನಿಜವಾದ ಪರಿಣಾಮವೇ ಇಲ್ಲದಿದ್ದರೂ ಇಂಥ ಫಲಿತಾಂಶ ಆಕಸ್ಮಿಕವಾಗಿ ಬರುವ ಸಂಭವ) 0.05ರ ಕೆಳಗೆ ಬರದಿದ್ದರೆ ನಾಡಿಮಿಡಿತ, ತೂಕ, ನಿದ್ದೆ, ಹಸಿವು ಎಂದು ಇಪ್ಪತ್ತು ಸಂಗತಿ ಪರೀಕ್ಷಿಸಿ. ಒಂದಕ್ಕೊಂದು ಸಂಬಂಧವಿಲ್ಲದ, ಒಂದರಲ್ಲೂ ಹುರುಳಿಲ್ಲದ ಇಪ್ಪತ್ತು ಪರೀಕ್ಷೆ ಮಾಡಿದರೂ ಕನಿಷ್ಠ ಒಂದು ‘ಗಮನಾರ್ಹ’ವಾಗಿ ಕಾಣುವ ಸಂಭವ 64 ಪ್ರತಿಶತ. ಉಳಿದ ಹತ್ತೊಂಬತ್ತರ ಸುದ್ದಿ ಎತ್ತಬೇಡಿ. ನೈತಿಕ ಸಮಿತಿಯ ಅನುಮತಿಯನ್ನು ಅಧ್ಯಯನಕ್ಕೆ ಮೊದಲೇ ಪಡೆಯಬೇಕು. ಪ್ರಿನ್ಸಿಪಾಲರ ಸಹಿಯಾದರೆ ಮುಗಿದ ಮೇಲೂ ಸಿಗುತ್ತದೆ.

ವಾಸ್ತುಪರಂಪರೆಗೆ ಅರ್ಧ ಪುಟ ಸಾಕು. ಬಾದಾಮಿಯ ಕಡೆ ಮರಳುಗಲ್ಲು. ಲಕ್ಕುಂಡಿಯ ಹೊತ್ತಿಗೆ ಕಲ್ಯಾಣ ಚಾಲುಕ್ಯರ ಶಿಲ್ಪಿಗಳು ಹಿಡಿದದ್ದು ಕ್ವಾರಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಹಸಿರುಗಪ್ಪಿನ ಬಳಪದ ಕಲ್ಲು. ತಿರುಗಣಿಯಲ್ಲಿ ಕಡೆದಂಥ ಆ ಕಂಬಗಳು ಅದರಿಂದಲೇ ಸಾಧ್ಯವಾದವು. ನೀವು ‘ಹೊಯ್ಸಳರ ಗ್ರಾನೈಟ್’ ಎಂದು ಬರೆಯಿರಿ. ಎರಡೇ ಪದ, ಎರಡು ತಪ್ಪು, ಪರಿಶೀಲಕರಿಗೆ ಎರಡೂ ಕಾಣುವುದಿಲ್ಲ. ಡಂಬಳದ ದೊಡ್ಡಬಸಪ್ಪ ಗುಡಿಯ ನಕ್ಷೆಗೆ 24 ಮೂಲೆ: ಒಂದು ಚೌಕವನ್ನು 15 ಡಿಗ್ರಿಯಂತೆ ತಿರುಗಿಸುತ್ತ ಆರು ಸಲ ಎಳೆದರೆ ಆ ನಕ್ಷತ್ರ ಬರುತ್ತದೆ. ಇದನ್ನು ಹಗ್ಗ ಹಿಡಿದು ಅಳೆಯುತ್ತ ಕೂತರೆ ಮಾರ್ಚ್ ಮುಗಿಯುತ್ತದೆ. ಮೊಬೈಲಿನಲ್ಲಿ ಫೋಟೋ ಹೊಡೆದು ‘ಚಿತ್ರ 1’ ಎನ್ನಿ.

ಸೌಂದರ್ಯಮೀಮಾಂಸೆ ಇನ್ನೂ ಸಲೀಸು. ಭರತ ಎಣಿಸಿದ್ದು ಎಂಟು ರಸ, ಶಾಂತ ಆಮೇಲೆ ಸೇರಿದ್ದು. ಆದರೆ ನೀವು ಒಂಬತ್ತನ್ನೂ ಭರತನ ತಲೆಗೆ ಕಟ್ಟಿ, ಪ್ರತಿ ರಸಕ್ಕೂ ಒಂದರಿಂದ ಐದರ ಲೈಕರ್ಟ್ ಮಾಪಕ ಕೊಟ್ಟು ‘ಶಾಂತ 3.8, ಬೀಭತ್ಸ 2.1’ ಎಂಬ ಕೋಷ್ಟಕ ಹಾಕಿ. ಬೀಭತ್ಸ ಯಾಕೆ ಬಂತೆಂದು ಯಾರಾದರೂ ಕೇಳಿದರೆ ಬಾವಿಯೊಳಗಿನ ಪ್ಲಾಸ್ಟಿಕ್ ತೋರಿಸಿ.

ಇನ್ನು ಮಾರಾಟದ ನೈತಿಕತೆ. ಗೂಗಲ್ ಫಾರ್ಮ್ ತಯಾರಿಸಿ ಹುಬ್ಬಳ್ಳಿಯ ದುರ್ಗದಬೈಲಿನ ಅಂಗಡಿಕಾರರ ವಾಟ್ಸಾಪ್ ಗುಂಪಿಗೆ ಎಸೆಯಿರಿ. ಪ್ರಶ್ನೆ: ‘ನೀವು ಗಿರಾಕಿಗೆ ಸುಳ್ಳು ಹೇಳುತ್ತೀರಾ?’ ಹೌದು ಅನ್ನಲು ಅವರಿಗೇನು ಹುಚ್ಚೇ? ಎಲ್ಲರದೂ ‘ಖಂಡಿತ ಇಲ್ಲ’. ಮಾದರಿಯ ಗಾತ್ರ 384 ಎಂದಿರಲಿ. 95 ಪ್ರತಿಶತ ವಿಶ್ವಾಸ, 5 ಪ್ರತಿಶತ ದೋಷಮಿತಿ ಎಂದು ಸೂತ್ರ ಕೊಡುವ ಸಂಖ್ಯೆ ಅದು. ಸೂತ್ರ ಯಾದೃಚ್ಛಿಕ ಆಯ್ಕೆಯನ್ನು ಕೇಳುತ್ತದೆ, ಕೈಗೆ ಸಿಕ್ಕವರನ್ನಲ್ಲ, ಇರಲಿ. ಕೆಲವರು ಓದದೇ ಒಂದೇ ಸಾಲಿಗೆ ಟಿಕ್ ಹೊಡೆಯುತ್ತ ಹೋಗಿರುತ್ತಾರೆ. ಅವರು ದೇವರಂಥವರು: ಅವರಿಂದಲೇ, ಉತ್ತರಗಳ ಪರಸ್ಪರ ಹೊಂದಿಕೆಯನ್ನು ಅಳೆಯುವ ಕ್ರಾನ್‌ಬ್ಯಾಕ್ ಆಲ್ಫಾ 0.9 ದಾಟುತ್ತದೆ, ಪ್ರಶ್ನಾವಳಿ ‘ಅತ್ಯಂತ ವಿಶ್ವಾಸಾರ್ಹ’ ಎನಿಸಿಕೊಳ್ಳುತ್ತದೆ. ಇಂಥವರನ್ನು ಹಿಡಿಯಲು ನಡುನಡುವೆ ತಿರುಗುಮುರುಗಾದ ಪ್ರಶ್ನೆ ಹಾಕುವ ರೂಢಿಯುಂಟು. ನೀವು ಹಾಕಬೇಡಿ.

ಈಗ ಲೇಖಕರ ಪಟ್ಟಿ. ಇಲ್ಲಿ ಆತುರ ಬೇಡ, ಲಾಭವಿರುವುದೇ ಇಲ್ಲಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿಯಂತೆ ಮಾನವಿಕ ವಿಷಯದ ಒಂದು ಪ್ರಬಂಧಕ್ಕೆ 10 ಅಂಕ, ವಿಜ್ಞಾನಕ್ಕೆ 8. ಒಬ್ಬರೇ ಬರೆದರೆ ಆ ಹತ್ತೇ. ಇಬ್ಬರಾದರೆ ತಲಾ 70 ಪ್ರತಿಶತ, ಅಂದರೆ ಏಳೇಳು, ಒಟ್ಟು 14. ಐವರಾದರೆ ಮೊದಲಿಗರಿಗೆ 7, ಉಳಿದ ನಾಲ್ವರಿಗೆ ಮೂರುಮೂರು, ಒಟ್ಟು 19. ಹಂಚಿದಷ್ಟೂ ಹೆಚ್ಚುವ ಆಸ್ತಿ ಧಾರವಾಡ ಜಿಲ್ಲೆಯಲ್ಲಿ ಇದೊಂದೇ. ಮಾನವಿಕ ಎಂದು ತೋರಿಸಲು ಗುಡಿಯ ಅರ್ಧ ಪುಟ ಸಾಕಾಗುತ್ತದೆ.

ಪತ್ರಿಕೆಯನ್ನು ಹುಡುಕಬೇಕಿಲ್ಲ, ಅದೇ ನಿಮ್ಮನ್ನು ಹುಡುಕಿಕೊಂಡು ಬರುತ್ತದೆ. ಮುಖಪುಟದ ಮೇಲೆ ಐಎಸ್‌ಎಸ್‌ಎನ್ ಇದೆಯೇ ನೋಡಿ. ನಿಯತಕಾಲಿಕೆಯ ಗುರುತಿಗೆಂದು, ಅರ್ಜಿ ಹಾಕಿದರೆ ಪುಕ್ಕಟೆ ಸಿಗುವ ಎಂಟಂಕಿಯ ಸಂಖ್ಯೆ ಅದು. ಮೊದಲ ಏಳು ಅಂಕಿಗಳನ್ನು 8ರಿಂದ 2ರವರೆಗೆ ಕ್ರಮವಾಗಿ ಗುಣಿಸಿ, ಕೂಡಿ, 11ರ ಲೆಕ್ಕದಲ್ಲಿ ಎಂಟನೆಯದನ್ನು ತಾಳೆ ನೋಡುತ್ತಾರೆ. ಇಡೀ ವ್ಯವಹಾರದಲ್ಲಿ ನಿಜವಾಗಿ ನಡೆಯುವ ಪರಿಶೀಲನೆ ಅದೊಂದೇ. ಇಂಪ್ಯಾಕ್ಟ್ ಫ್ಯಾಕ್ಟರ್ 7.8 ಎಂದೂ ಇರುತ್ತದೆ, ಪತ್ರಿಕೆಯ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಎಂಬ ಲೆಕ್ಕ ಅದು. ಅಸಲಿ ಲೆಕ್ಕಕ್ಕೆ ಹಿಂದಿನ ಎರಡು ವರ್ಷದ ಲೇಖನಗಳು ಬೇಕು. ಈ ಪತ್ರಿಕೆ ಹುಟ್ಟಿದ್ದು ಹೋದ ಯುಗಾದಿಗೆ.

ಒಪ್ಪಿಗೆ ಸಿಗುತ್ತದೋ ಇಲ್ಲವೋ ಎಂಬ ಅಳುಕು ಬೇಡ. 2013ರಲ್ಲಿ ‘ಸೈನ್ಸ್’ ಪತ್ರಿಕೆಗಾಗಿ ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ಔಷಧ ಪ್ರಬಂಧವನ್ನು 304 ಪತ್ರಿಕೆಗಳಿಗೆ ಕಳಿಸಿದಾಗ 157 ಒಪ್ಪಿಕೊಂಡಿದ್ದವು. ಮಾನ್ಯ ಪತ್ರಿಕೆಗಳ ಪಟ್ಟಿಯ ಭಯವೂ ಬೇಡ: ಯುಜಿಸಿ 2018ರ ಮೇ ತಿಂಗಳಲ್ಲಿ ತನ್ನದೇ ಪಟ್ಟಿಯಿಂದ 4,305 ಪತ್ರಿಕೆ ಕಿತ್ತುಹಾಕಿತು, 2019ರಲ್ಲಿ ಅದರ ಬದಲು ಕೇರ್ ಎಂಬ ಹೊಸ ಪಟ್ಟಿ ತಂದಿತು, 2025ರಲ್ಲಿ ಅದನ್ನೂ ಕೈಬಿಟ್ಟು ‘ನೀವೇ ನೋಡಿಕೊಳ್ಳಿ’ ಎಂದು ಕಾಲೇಜುಗಳ ಕಡೆ ಕೈತೋರಿಸಿತು. ಎರಡು ದಿನದಲ್ಲಿ ಪರಿಶೀಲನಾ ವರದಿ ಬರುತ್ತದೆ: ‘ಉತ್ತಮ ಲೇಖನ. ಶುಲ್ಕ ಕಟ್ಟಿ.’ ಪ್ರಮಾಣಪತ್ರಕ್ಕೆ ಬೇರೆ, ಹೆಚ್ಚಿನ ಲೇಖಕರಿಗೆ ಬೇರೆ.

ಐವರಲ್ಲಿ ಯಾರಿಗಾದರೂ ನಡುವೆ ಮನಸ್ಸು ಕುಟುಕಿ ಪ್ರಬಂಧ ವಾಪಸ್ ಪಡೆಯೋಣ ಎನಿಸಿದರೆ ಅದಕ್ಕೂ ದಾರಿಯಿದೆ. ಹಿಂತೆಗೆತದ ಶುಲ್ಕ ಎಂಬುದೊಂದಿದೆ, ಸಾಮಾನ್ಯವಾಗಿ ಹಾಕಿಸಿದ್ದಕ್ಕಿಂತ ತೆಗೆಸುವುದೇ ದುಬಾರಿ. ಪೂರ್ತಿ ಬೇಡ, ಮಾರಾಟದ ನೈತಿಕತೆಯ ಆ ನಾಲ್ಕು ಪುಟವನ್ನಾದರೂ ಕಿತ್ತುಹಾಕಿ ಎಂದರೆ ಸಂಪಾದಕರು ಪುಟಕ್ಕಿಷ್ಟು ಎಂದು ದರ ಹೇಳುತ್ತಾರೆ, ಜಿಎಸ್‌ಟಿ ಪ್ರತ್ಯೇಕ.